ನೀಲಿ ಅಕ್ಷರದ ಹಿಂದಿನ ಪದ

ಫೆಬ್ರವರಿ 11, ಭಾನುವಾರ

ಅಣ್ಣ,

ನೀನು ಕಾಸು ತೆಗೆದುಕೊಂಡು ಒಂದು ಸುಳ್ಳಿಗೆ ಶಿಫಾರಸು ಕೊಟ್ಟಿದ್ದೀಯ. ಅದು ಕಾಸಿನ ಶಿಫಾರಸು ಎಂಬುದನ್ನು ಮುಚ್ಚಿಟ್ಟಿದ್ದೀಯ. ಆ ಸುಳ್ಳನ್ನು ನಂಬಿ ನಮ್ಮ ಸೋದರಮಾವ ಐದು ತಿಂಗಳು ಕಳೆದುಕೊಂಡರು. ಕ್ಷೇಮ ಸಮಾಚಾರ ಆಮೇಲೆ.

ಕಾಗದ ಯಾಕೆ ಎಂದು ನಗಬೇಡ. ಫೋನ್ ಮಾಡಿದರೆ "ಮೀಟಿಂಗಲ್ಲಿದೀನಿ ಪುಟ್ಟಿ, ಆಮೇಲೆ ಮಾಡ್ತೀನಿ" ಅನ್ನುತ್ತೀಯ. ಆ ಆಮೇಲೆ ಎಂಬುದು ಬರುವುದೇ ಇಲ್ಲ. ಮೇಲ್ ನಿನ್ನ ಪತ್ರಿಕೆಯದು, ಅವರು ಓದುತ್ತಾರೆಂದು ನೀನೇ ಹೇಳಿದ್ದೆ. ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲ.

ಮಂಗಳವಾರ ಮಾವನನ್ನು ಸರ್ಕಾರಿ ಎದೆರೋಗದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಎಕ್ಸ್-ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಎಷ್ಟು ವರ್ಷ ಕಲ್ಲು ಕೊಯ್ದಿದೀರಿ?"

"ಇಪ್ಪತ್ತೊಂಬತ್ತು."

"ನೀರು ಬಿಡ್ತಾ ಇದ್ರಾ ಗರಗಸಕ್ಕೆ?"

"ಮೊದಲು ಬಿಡ್ತಿದ್ವಿ. ಕೆಲಸ ನಿಧಾನ ಆಗತ್ತೆ ಅಂತ ಮಾಲೀಕರು ಪೈಪು ಬಿಚ್ಚಿಸಿದ್ರು."

ಕಲ್ಲಿನ ಧೂಳು ಎದೆಯಲ್ಲಿ ಕಲ್ಲಾಗಿಯೇ ಕೂತಿದೆ, ಅದಕ್ಕೆ ಮದ್ದಿಲ್ಲ. ಆದರೆ ಅದರ ಮೇಲೆ ಕ್ಷಯ ಬಂದು ಕೂತಿದೆ. ಅದಕ್ಕೆ ಮದ್ದಿದೆ, ಹೊತ್ತು ಮೀರುವ ಮುಂಚೆ ಬಂದಿದ್ದರೆ. ಡಾಕ್ಟರಮ್ಮ ಕೇಳಿದರು: "ಐದು ತಿಂಗಳು ಎಲ್ಲಿದ್ರಿ ಯಜಮಾನ್ರೇ?"

ಎಲ್ಲಿದ್ದರು ಎಂದು ನಾನು ಹೇಳುತ್ತೇನೆ. ಉಸಿರು ಕೇಂದ್ರದಲ್ಲಿದ್ದರು. ವಾರಕ್ಕೆ ಮೂರು ದಿನ ಮೂಗಿಗೆ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿಕೊಂಡು, ಸೊಪ್ಪಿನ ವಾಸನೆಯ ಹಬೆ ಎಳೆಯುತ್ತ ಕೂತಿದ್ದರು. ಧೂಳೆಲ್ಲ ತೊಳೆದು ಹೋಗುತ್ತದೆ, ಎಕ್ಸ್-ರೇ ಬೇಡ, ಇಂಗ್ಲಿಷ್ ಮಾತ್ರೆ ಬೇಡ ಎಂದು ಅಲ್ಲಿ ಹೇಳುತ್ತಾರೆ. ಮಾವನ ಜೊತೆ ಕಲ್ಲು ಕೊಯ್ದ ಹದಿನೇಳು ಜನ ಈಗಲೂ ಅಲ್ಲಿಗೆ ಹೋಗುತ್ತಿದ್ದಾರೆ.

ನಾನು ಕೆಲಸ ಮಾಡುವ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ "ಕಲ್ಲು ಧೂಳು ಕೆಮ್ಮು" ಎಂದು ಹುಡುಕಿದೆ. ಮೊದಲು ಬಂದದ್ದು ಉಸಿರು ಕೇಂದ್ರ. ಎರಡನೆಯದು ನಿಮ್ಮ ಪತ್ರಿಕೆ ಕೇಂದ್ರವನ್ನು ಹೊಗಳಿ ಬರೆದ ಲೇಖನ. ಮೂರನೆಯದೂ ನಿಮ್ಮದೇ. ನಮ್ಮ ಓದುವ ಗುಂಪಿನವರು ನಡೆಸುವ 'ಧೂಳು' ಪುಟ, ಯಾವ ಪರೀಕ್ಷೆ ಕೇಳಬೇಕು, ಯಾವ ಆಸ್ಪತ್ರೆಯಲ್ಲಿ ಬಿಟ್ಟಿ ಮಾಡುತ್ತಾರೆ ಎಂದು ಹೇಳುವ ಒಂದೇ ಪುಟ, ಎಲ್ಲೋ ನಲವತ್ತರ ಆಚೆಗಿತ್ತು.

ಇದು ಯಾಕೆ ಹೀಗೆ ಎಂದು ನಾಲ್ಕು ದಿನ ಓದಿದೆ. ತಪ್ಪಿದ್ದರೆ ತಿದ್ದು, ನಿನ್ನ ಕಸುಬು ಅದು. ಒಂದು ಪುಟ ಇನ್ನೊಂದಕ್ಕೆ ಲಿಂಕ್ ಕೊಟ್ಟರೆ ಸರ್ಚ್ ಎಂಜಿನ್ ಅದನ್ನು ಶಿಫಾರಸು ಎಂದು ಎಣಿಸುತ್ತದೆ. ದೊಡ್ಡವರ ಶಿಫಾರಸಿಗೆ ತೂಕ ಹೆಚ್ಚು. ಲಿಂಕಿನ ಆ ನೀಲಿ ಅಕ್ಷರದ ಹಿಂದೆ, ಓದುವವರಿಗೆ ಕಾಣದ ಜಾಗದಲ್ಲಿ, ಯಂತ್ರಕ್ಕೆ ಮಾತ್ರ ಕೇಳಿಸುವ ಹಾಗೆ ಒಂದು ಪದ ಬರೆಯಬಹುದು. 'ಸ್ಪಾನ್ಸರ್ಡ್' ಎಂದರೆ ಇದನ್ನು ಕಾಸಿಗೆ ಹಾಕಿದ್ದೇವೆ, ಶಿಫಾರಸು ಎಂದು ಎಣಿಸಬೇಡ ಎಂದು. 'ನೋಫಾಲೋ' ಎಂದರೆ ತೋರಿಸುತ್ತಿದ್ದೇವೆ ಅಷ್ಟೇ, ಇವರಿಗೆ ನಾವು ಹೊಣೆಯಲ್ಲ ಎಂದು.

ನಿಮ್ಮ ಪತ್ರಿಕೆಯ ಪುಟಗಳ ಒಳಬರಹ, ಅದೇ ಸೋರ್ಸ್ ಕೋಡ್, ತೆರೆದು ನೋಡಿದೆ. ಉಸಿರು ಕೇಂದ್ರಕ್ಕೆ ಹನ್ನೊಂದು ಲೇಖನಗಳಿಂದ ಲಿಂಕ್ ಇದೆ. ಒಂದಕ್ಕೂ ಸ್ಪಾನ್ಸರ್ಡ್ ಎಂಬ ಪದವಿಲ್ಲ. ಎರಡು ವರ್ಷದ ಹಿಂದೆ ನಿಮ್ಮ ವರದಿಗಾರರೊಬ್ಬರು ಕಲ್ಲು ಕೊಯ್ಯುವವರ ಬಗ್ಗೆ ನಿಜ ಬರೆದು ನಮ್ಮ ಪುಟಕ್ಕೆ ಲಿಂಕ್ ಕೊಟ್ಟಿದ್ದರು. ಆ ಒಂದೇ ಒಂದಕ್ಕೆ ನೋಫಾಲೋ ಹಾಕಿದೆ. ಕಾಸು ಕೊಟ್ಟವನಿಗೆ ಶಿಫಾರಸು. ಸ್ವಂತ ತಂಗಿಗೆ 'ಇವಳು ಯಾರೋ ಗೊತ್ತಿಲ್ಲ'.

ಆ ಆಫೀಸಿನಲ್ಲಿ ಲಿಂಕ್ ಹಾಕುವ ಕೆಲಸ ಯಾರದು? ಅಮ್ಮ ಹೋದ ಮೇಲೆ ನಮ್ಮಿಬ್ಬರನ್ನೂ ಸಾಕಿ, ನಿನ್ನನ್ನು ಓದಿಸಿ ಆ ಕುರ್ಚಿಯಲ್ಲಿ ಕೂರಿಸಿದವರು ಯಾರು? ಎರಡಕ್ಕೂ ಉತ್ತರ ಬರೆ.

ಮಾವ ಇಟ್ಟ ಅಡ್ಡಹೆಸರಿನಲ್ಲೇ ಸಹಿ ಮಾಡುತ್ತೇನೆ,
ಕರಪತ್ರ


ಫೆಬ್ರವರಿ 27

ಪುಟ್ಟಿ,

ನಿನ್ನ ಕಾಗದ ಆಫೀಸಿನ ವಿಳಾಸಕ್ಕೆ ಬಂತು. ಇನ್ನು ಮುಂದೆ ರೂಮಿನ ವಿಳಾಸಕ್ಕೆ ಹಾಕು.

ಮಾವನ ವಿಷಯ ಓದಿದೆ. ಬೆರಳಿಗೆ ಸಿಕ್ಕಿಸಿ ಆಕ್ಸಿಜನ್ ನೋಡುವ ಚಿಕ್ಕ ಯಂತ್ರವೊಂದನ್ನು ಕಳಿಸಿದ್ದೇನೆ. ತೊಂಬತ್ತೆರಡರ ಕೆಳಗೆ ಹೋದರೆ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗು. ಕ್ಷಯದ ಮಾತ್ರೆ ಒಂದು ದಿನವೂ ತಪ್ಪಬಾರದು.

ಉಳಿದದ್ದಕ್ಕೆ ಬರುತ್ತೇನೆ. ನೀನು ಓದಿಕೊಂಡದ್ದು ಬಹುಪಾಲು ಸರಿ. ಆದರೆ ಪುಸ್ತಕದ ಬದನೆಕಾಯಿ ಬೇರೆ, ಆಫೀಸು ಬೇರೆ. ಇಲ್ಲಿ ನಾನು ನಿರ್ಧಾರ ಮಾಡುವವನಲ್ಲ. ಜಾಹೀರಾತು ವಿಭಾಗದಿಂದ ಒಂದು ಹಾಳೆ ಬರುತ್ತದೆ: ಈ ಲೇಖನ, ಈ ಪದದ ಮೇಲೆ, ಈ ಲಿಂಕ್, ಸ್ಪಾನ್ಸರ್ಡ್ ಗುರುತು ಬೇಕು ಅಥವಾ ಬೇಡ. ನಾನು ಹಾಕುತ್ತೇನೆ. ಗುರುತು ಹಾಕಿದ ಲಿಂಕ್ ಯಾರಿಗೂ ಬೇಡ, ಕಾಸು ಕೊಡುವುದೇ ಗುರುತಿಲ್ಲದ್ದಕ್ಕೆ. ಎಲ್ಲ ಪತ್ರಿಕೆಗಳೂ ಮಾಡುತ್ತವೆ. ಇದು ಸಮರ್ಥನೆಯಲ್ಲ, ಪರಿಸ್ಥಿತಿ.

ಇನ್ನೊಂದು. ಈ ಪದಗಳು ಅಪ್ಪಣೆಗಳಲ್ಲ, ಸೂಚನೆಗಳು. ಯಂತ್ರ ಕೇಳಲೂಬಹುದು, ಬಿಡಲೂಬಹುದು. ನಿಮ್ಮ ಪುಟ ಕೆಳಗೆ ಹೋಗಿದ್ದಕ್ಕೆ ಒಂದು ನೋಫಾಲೋ ಕಾರಣ ಎಂದು ಪಂಜು ಹಿಡಿದು ಹೊರಡಬೇಡ. ಅದನ್ನು ಹಾಕಿದ್ದಕ್ಕೂ ಕಾರಣವಿತ್ತು.

ಮಾವ ಮಾತಾಡುತ್ತಾರಾ? ನನ್ನ ಬಗ್ಗೆ ಏನಾದರೂ ಹೇಳಿದರಾ?

ಅಣ್ಣ


ಮಾರ್ಚ್ 4

ಅಣ್ಣ,

"ಅದಕ್ಕೂ ಕಾರಣವಿತ್ತು." ಯಾವ ಕಾರಣ? ಬರೆಯಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಆ ಆಫೀಸಿನಲ್ಲಿ ಕಲಿತೆಯೋ, ಮೊದಲಿಂದಲೂ ಬರುತ್ತಿತ್ತೋ? ನೀನು ಹೆದರಿದ್ದೆ, ಅದೇ ಕಾರಣ. ತಂಗಿಯ ಪುಟ ಎಂದು ಗೊತ್ತಾದರೆ ಕೆಲಸಕ್ಕೆ ಸಂಚಕಾರ ಎಂದು.

"ಎಲ್ಲರೂ ಮಾಡುತ್ತಾರೆ." ಮಾವನ ಮಾಲೀಕನೂ ಅದನ್ನೇ ಹೇಳಿದ್ದ: ಯಾವ ಕಾರ್ಖಾನೆಯಲ್ಲಿ ಗರಗಸಕ್ಕೆ ನೀರು ಬಿಡ್ತಾರೆ ತೋರಿಸು? ಎಲ್ಲರೂ ಮಾಡುವ ತಪ್ಪಿಗೆ ಬಲಿಯಾಗುವವರು ಮಾತ್ರ ಒಬ್ಬೊಬ್ಬರೇ ಸಾಯುತ್ತಾರೆ.

ಕೆಲಸದ ಮಾತು. ಆರೋಗ್ಯಾಧಿಕಾರಿಗೆ ದೂರು ಕೊಟ್ಟಿದ್ದೇನೆ. ಇಂಥ ಕಾಯಿಲೆ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದು ಅಪರಾಧ. ಕೇಂದ್ರದವರು ಏನು ಹೇಳಿದರು ಗೊತ್ತೇ? "ನಾವು ಜಾಹೀರಾತೇ ಕೊಟ್ಟಿಲ್ಲ ಸಾರ್, ಪತ್ರಿಕೆಯವರು ತಾವಾಗಿ ಬರೆದರು." ಅಧಿಕಾರಿ ನನ್ನ ಕಡೆ ತಿರುಗಿ, "ಕಾಸು ಕೊಟ್ಟು ಬರೆಸಿದ್ದು ಅನ್ನೋದಕ್ಕೆ ಏನಿದೆ ನಿಮ್ಮ ಹತ್ರ?" ಎಂದರು. ನನ್ನ ಹತ್ತಿರ ಸಿಟ್ಟು ಇತ್ತು. ಅದನ್ನು ಫೈಲಿಗೆ ಸೇರಿಸಲು ಆಗುವುದಿಲ್ಲವಂತೆ.

ಆ ಹಾಳೆಗಳು ನಿನ್ನ ಹತ್ತಿರ ಇವೆ. ಗುರುತು ಬೇಡ ಎಂದು ಬರೆದ ಹಾಳೆಗಳು. ಅವನ್ನು ಕಳಿಸು. ಹದಿನೇಳು ಜನ ಆ ಕೊಳವೆ ಬಿಟ್ಟು ಎಕ್ಸ್-ರೇಗೆ ಬರಬೇಕಾದರೆ ಆ ಬಾಗಿಲು ಮುಚ್ಚಬೇಕು.

ನಾವು ಏನನ್ನೂ ಮುಚ್ಚಿಡುವವರಲ್ಲ. ನಮ್ಮ 'ಧೂಳು' ಪುಟ ತೆರೆದು ನೋಡು. ಕಳೆದ ಜೂನ್‌ನಿಂದ ಉಸಿರು ಕೇಂದ್ರದ ಒಂದೊಂದು ಸುಳ್ಳನ್ನೂ ಎತ್ತಿ ಹಿಡಿದಿದ್ದೇನೆ, ಪ್ರತಿ ಸಲವೂ ಅವರ ಪುಟಕ್ಕೇ ಲಿಂಕ್ ಕೊಟ್ಟು. ಓದುವವರು ಮೂಲವನ್ನು ತಾವೇ ನೋಡಿ ತೀರ್ಮಾನಿಸಲಿ ಎಂದು. ಒಂದರ ಹಿಂದೆಯೂ ಗುಟ್ಟಿನ ಪದವಿಲ್ಲ. ನಮ್ಮ ನಿಯಮ ಅದು.

ಮಾವ ನಿನ್ನ ಬಗ್ಗೆ ಏನೂ ಹೇಳಲಿಲ್ಲ. ಯಂತ್ರ ಕೊಟ್ಟಾಗ ಬೆರಳಿಗೆ ಸಿಕ್ಕಿಸಿಕೊಂಡು, "ಸಂಪಾದಕರು ಕಳಿಸಿದ ಉಂಗುರ" ಎಂದು ನಕ್ಕರು. ಎಂಬತ್ತೊಂಬತ್ತು ತೋರಿಸಿತು.

ಕರಪತ್ರ


ಮಾರ್ಚ್ 16

ಪುಟ್ಟಿ,

ನಿಮ್ಮ ಪುಟ ನೋಡಿದೆ. ಮೂರು ಸಲ ನೋಡಿದೆ.

ಉಸಿರು ಕೇಂದ್ರಕ್ಕೆ ನಲವತ್ತೊಂದು ಲಿಂಕ್ ಕೊಟ್ಟಿದ್ದೀಯ. ನೀನು ಹೇಳಿದ ಹಾಗೆ ಒಂದಕ್ಕೂ ಗುಟ್ಟಿನ ಪದವಿಲ್ಲ. ಅಂದರೆ ನಲವತ್ತೊಂದು ಸಲ ಶಿಫಾರಸು. ಮೇಲೆ ಬರೆದ ಬೈಗುಳ ಓದಿ ಯಂತ್ರ ಮನಸ್ಸು ಬದಲಿಸುತ್ತದೆ ಎಂದು ನಂಬಿಕೊಂಡಿದ್ದೀಯಾ? ಅದಕ್ಕೆ ಕಾಣುವುದು ಕಲ್ಲು ಧೂಳಿನ ಬಗ್ಗೆ ಬರೆಯುವ ಪುಟವೊಂದು ಬಿಡದೆ ಒಂದೇ ಕಡೆಗೆ ಕೈ ತೋರಿಸುತ್ತಿದೆ ಎಂಬುದು. ನೋಫಾಲೋ ಎಂಬ ಪದ ಇಂಥದಕ್ಕೇ ಇರುವುದು: ಬೈಯಬೇಕಾದವನ ಹೆಸರು ಹೇಳಬೇಕು, ಆದರೆ ಅವನನ್ನು ಹೊತ್ತು ಮೆರೆಸಬಾರದು.

ಎದೆರೋಗದ ಆಸ್ಪತ್ರೆಗೆ ಎಷ್ಟು ಲಿಂಕ್ ಕೊಟ್ಟಿದ್ದೀಯ? ಒಂದೂ ಇಲ್ಲ. ಅದರ ವಿಳಾಸ ಕರಪತ್ರದ ಫೋಟೋದೊಳಗೆ ಇದೆ. ಒತ್ತಿದರೆ ಎಲ್ಲಿಗೂ ಹೋಗುವುದಿಲ್ಲ.

ನಿನ್ನ ನಲವತ್ತೊಂದರ ತೂಕ ಎಷ್ಟು ಎಂದು ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ನನ್ನ ಹನ್ನೊಂದರದ್ದೇ ಹೆಚ್ಚು, ಅದನ್ನು ಒಪ್ಪುತ್ತೇನೆ. ಆದರೂ ಇವತ್ತೇ ಸರಿ ಮಾಡು.

ಹಾಳೆಗಳ ವಿಷಯ ಕೇಳಬೇಡ.

ಅಣ್ಣ


ಏಪ್ರಿಲ್ 20

ಅಣ್ಣ,

ತಿಂಗಳ ಮೇಲಾಯಿತು. ನಿನ್ನ ಕಾಗದವನ್ನು ಹರಿದು ಹಾಕಿದೆ, ಆಮೇಲೆ ಅಂಗಡಿಯ ಅಂಟುಪಟ್ಟಿ ಹಾಕಿ ಅಂಟಿಸಿದೆ. ನಲವತ್ತೊಂದನ್ನೂ ಒಂದೊಂದಾಗಿ ಸರಿ ಮಾಡಿದೆ. ಆಸ್ಪತ್ರೆಯ ಲಿಂಕನ್ನು ಪುಟದ ನೆತ್ತಿಯ ಮೇಲೆ ಹಾಕಿದೆ. ಗುಂಪಿನಲ್ಲಿ ನಿಂತು "ತಪ್ಪು ನನ್ನದು" ಎಂದೆ. ಎಲ್ಲರೂ, "ಪರವಾಗಿಲ್ಲ ಬಿಡು, ತಾಂತ್ರಿಕ ವಿಷಯ" ಎಂದರು. ನಾನೂ ಹಾಗೇ ಅಂದುಕೊಂಡಿದ್ದೆ, ನಿನ್ನೆಯ ತನಕ.

ನಿನ್ನೆ ಮಧ್ಯಾಹ್ನ ಮಾವ ಗೋಡೆಗೆ ಒರಗಿ ಕೂತಿದ್ದರು. ಈಗ ಮಲಗಿದರೆ ಉಸಿರು ಸಿಗುವುದಿಲ್ಲ, ಹಗಲೂ ರಾತ್ರಿ ಕೂತೇ ಇರುತ್ತಾರೆ. ವಿಚಾರಣೆಗೆ ಹೇಳಿಕೆ ಬರೆದುಕೊಳ್ಳೋಣ ಎಂದು ಪಕ್ಕದಲ್ಲಿ ಕೂತೆ.

"ಮಾವ, ಆ ಕೇಂದ್ರ ನಿಮಗೆ ಹೇಗೆ ಗೊತ್ತಾಯ್ತು?"

"ಯಾಕೀಗ?"

"ಹೇಳಿ ಮಾವ, ಬರ್ಕೋಬೇಕು."

"ಪೊಲೀಸರ ಥರ ಕೇಳ್ತೀಯಲ್ಲೇ. ಫೋನ್ ಕೊಡು ಇಲ್ಲಿ."

ಬಿರುಕು ಬಿಟ್ಟ ಹೆಬ್ಬೆರಳಿಗೆ ಫೋನು ಸ್ಪಂದಿಸುವುದಿಲ್ಲ, ಮೂರು ನಾಲ್ಕು ಸಲ ಒತ್ತಬೇಕು. ಒತ್ತಿ ಒತ್ತಿ ತೆರೆದರು. ನಾನು ನಿಮ್ಮ ಪತ್ರಿಕೆ ಬರುತ್ತದೆ ಎಂದು ಕಾದು ಕೂತಿದ್ದೆ. ಬಂದದ್ದು ನಮ್ಮ ಪುಟ.

"ನಿನ್ನ ಪುಟ ದಿನಾ ತೆಗೀತೀನಿ. ಪೂರ್ತಿ ಓದಕ್ಕಾಗಲ್ಲ ಕಣಮ್ಮ, ನಿನ್ನ ವಾಕ್ಯ ಗೂಡ್ಸ್ ರೈಲು ಇದ್ದ ಹಾಗೆ, ಕೊನೆ ಡಬ್ಬಿ ಬರೋಷ್ಟರಲ್ಲಿ ಎಂಜಿನ್ ಮರೆತಿರತ್ತೆ. ನೀಲಿ ಇರೋದು ಮಾತ್ರ ಓದ್ತೀನಿ. ಒಂದೇ ಹೆಸರನ್ನ ಅಷ್ಟು ಸಲ ನೀಲಿ ಮಾಡಿದೀಯ, ಮುಖ್ಯವಾದದ್ದೇ ಇರ್ಬೇಕು ಅಂದ್ಕೊಂಡೆ. ನಮ್ಮ ಹುಡುಗಿ ಸುಮ್ನೆ ಹಾಕ್ತಾಳಾ?"

ಅಣ್ಣ, ಯಂತ್ರ ಓದಿದ ಹಾಗೆಯೇ ಅವರೂ ಓದಿದರು. ಯಂತ್ರಕ್ಕಾದರೂ ಹಿಂದೆ ಒಂದು ಪದ ಬರೆದು ಹೇಳಬಹುದಿತ್ತು. ಮಾವನಿಗೆ ಹೇಳಲು ಎರಡು ಹೆಜ್ಜೆ ಆಚೆಯ ಕೋಣೆಯಲ್ಲಿ ನಾನೇ ಇದ್ದೆ. ಮೊದಲ ಕಾಗದದಲ್ಲಿ ಒಂದು ವಿಷಯ ಬರೆದಿರಲಿಲ್ಲ. ಆ ಐದು ತಿಂಗಳು ಮಾವ ನನಗೆ "ಆಸ್ಪತ್ರೆಗೆ ಹೋಗಿ ಬರ್ತೀನಿ" ಎಂದು ಹೇಳಿಯೇ ಹೋಗುತ್ತಿದ್ದರು. ಯಾವ ಆಸ್ಪತ್ರೆ ಎಂದು ನಾನು ಕೇಳಲಿಲ್ಲ. ಕಲ್ಲು ಕೊಯ್ಯುವವರ ಆರೋಗ್ಯದ ಬಗ್ಗೆ ಬರೆಯುತ್ತಿದ್ದೆ, ಪುರುಸೊತ್ತು ಇರಲಿಲ್ಲ.

"ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ ಮಾವ?" ಎಂದೆ.

"ನಿನ್ನ ಕೇಳಿದ್ರೆ ಎರಡು ಗಂಟೆ ಭಾಷಣ. ಅದಕ್ಕೆ ನಿಮ್ಮಣ್ಣನ್ನ ಕೇಳ್ದೆ. ನಿಮ್ಮ ಪೇಪರಲ್ಲೂ ಬಂದಿದೆಯಲ್ಲಪ್ಪ, ಹೋಗ್ಬಹುದಾ ಅಂತ."

ನೀನು ಏನು ಹೇಳಿದೆ ಎಂಬುದನ್ನೂ ಅವರೇ ಹೇಳಿದರು: "ಸ್ವಲ್ಪ ಹೊತ್ತು ಸುಮ್ನಿದ್ದ. ಆಮೇಲೆ, ಪೇಪರಲ್ಲಿ ಬಂದಿದೆ ಅಂದ್ಮೇಲೆ ಹೋಗಿ ನೋಡಿ ಮಾವ ಅಂದ. ಅವನನ್ನ ಏನೂ ಅನ್ಬೇಡ. ಕೆಲಸದಲ್ಲಿರೋನು, ಅವನ ಬಾಯಿಗೂ ಒಂದು ಬೀಗ ಇರತ್ತೆ."

ಹೇಳಿಕೆ ಬರೆದುಕೊಳ್ಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿದೆ.

"ನನ್ನ ಬಗ್ಗೆ ಏನಾದರೂ ಹೇಳಿದರಾ" ಎಂದು ಕೇಳಿದ್ದೆಯಲ್ಲ, ಈಗ ಅರ್ಥವಾಯಿತು. ನಿನ್ನನ್ನು ಬೈಯಲು ಕೂತರೆ ನನ್ನ ಬೆನ್ನೇ ಕಾಣುತ್ತದೆ. ಹಾಳೆ ಕಳಿಸದಿದ್ದರೆ ಬೇಡ. ನೀನು ಬಾ. ಮಾತ್ರೆ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ಉಂಗುರ ಎಂಬತ್ತೊಂದು ತೋರಿಸುತ್ತಿದೆ, ಆಸ್ಪತ್ರೆಗೆ ಸೇರಲು ಮಾವ ಒಪ್ಪುತ್ತಿಲ್ಲ. ಬೇಗ ಬಾ.

ಪುಟ್ಟಿ


ಮೇ 19

ಅಣ್ಣ,

ಶುಕ್ರವಾರ ಬೆಳಿಗ್ಗೆ ಆರೂ ಕಾಲಿಗೆ ಮಾವ ಹೋದರು. ಕೂತ ಹಾಗೆಯೇ. ನಾನು ನೀರು ತರಲು ಎದ್ದಿದ್ದೆ.

ಪಕ್ಕದ ಮನೆಯವರು ನಿನಗೆ ಫೋನ್ ಮಾಡಿದ್ದರು. ಸಂಜೆ ನಾಲ್ಕರ ತನಕ ಕಾದೆವು. ಇನ್ನು ಕಾಯುವುದಕ್ಕಾಗುವುದಿಲ್ಲ ಎಂದರು. ಹದಿನೇಳು ಜನರಲ್ಲಿ ಹನ್ನೆರಡು ಜನ ಬಂದಿದ್ದರು, ಹೊರಲು. ನೂರು ಹೆಜ್ಜೆಗೊಮ್ಮೆ ನಿಂತು ಕೆಮ್ಮುತ್ತಿದ್ದರು.

ನೀನು ಬರಲಿಲ್ಲ.


ಜೂನ್ 30

ಪುಟ್ಟಿ,

ಈ ಕಾಗದವನ್ನು ಓದದೆ ಒಲೆಗೆ ಹಾಕಿದರೂ ನಿನ್ನ ತಪ್ಪಿಲ್ಲ.

ಆ ಶುಕ್ರವಾರ ಬಸ್ ನಿಲ್ದಾಣದ ತನಕ ಬಂದಿದ್ದೆ. ಚೀಲ ತೊಡೆಯ ಮೇಲಿತ್ತು. ಎದುರು ಎರಡು ಬಸ್ ಹೋದವು. ಮಾವನ ಮುಖ ನೋಡಬಲ್ಲೆ, ನಿನ್ನ ಮುಖ ನೋಡಲಾರೆ ಎನಿಸಿತು. ಮೂರನೆಯ ಬಸ್ಸೂ ಹೋದ ಮೇಲೆ ರೂಮಿಗೆ ವಾಪಸ್ ಬಂದೆ. ಇಷ್ಟೇ ನಡೆದದ್ದು. ಇದಕ್ಕಿಂತ ಒಳ್ಳೆಯ ಕಾರಣ ನನ್ನ ಹತ್ತಿರ ಇಲ್ಲ.

ಮಾವ ಫೋನ್ ಮಾಡಿದ ದಿನ ಕೇಂದ್ರದ ಏಳನೆಯ ಲೇಖನವನ್ನು ನಾನೇ ಪುಟಕ್ಕೆ ಏರಿಸುತ್ತಿದ್ದೆ. "ನಂಬಬಹುದೇನಪ್ಪ?" ಎಂದರು. ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಿದರೆ, ನಿಮ್ಮ ಪತ್ರಿಕೆಯಲ್ಲಿ ಬರುವುದೆಲ್ಲ ಹೀಗೇನಾ ಎಂದು ಕೇಳುತ್ತಾರೆ. ಅವರು ನನ್ನ ಆಫೀಸಿನ ಗುರುತಿನ ಚೀಟಿಯ ಫೋಟೋವನ್ನು ಕಾರ್ಖಾನೆಯಲ್ಲೆಲ್ಲ ತೋರಿಸಿಕೊಂಡು ಬಂದವರು. ಹಬೆ ತಾನೇ, ಕೆಡುಕೇನಾಗುತ್ತದೆ ಅಂದುಕೊಂಡೆ. ಮಾನ ಉಳಿಸಿಕೊಳ್ಳಲು ಅವರ ಉಸಿರು ಕೊಟ್ಟೆ.

ನೋಫಾಲೋ ವಿಷಯ. ನಿಮ್ಮ ಪುಟದ ಲಿಂಕನ್ನು ತೆಗೆದೇ ಬಿಡಿ ಎಂದು ಕೇಂದ್ರದವರು ಜಾಹೀರಾತು ವಿಭಾಗಕ್ಕೆ ಹೇಳಿದ್ದರು. ನಾನು ಹಾವೂ ಸಾಯದ ಹಾಗೆ, ಕೋಲೂ ಮುರಿಯದ ಹಾಗೆ, "ತೆಗೆಯೋದು ಬೇಡ, ನೋಫಾಲೋ ಹಾಕ್ತೀನಿ" ಎಂದು ಒಪ್ಪಿಸಿದೆ. ಆ ದಿನ ನಿನಗೆ ಉಪಕಾರ ಮಾಡಿದೆ ಎಂಬ ಸಮಾಧಾನದಲ್ಲಿ ಊಟ ಮಾಡಿದ್ದೆ. ಈಗ ಓದಿದರೆ ನಗು ಬರುತ್ತದೆ, ಆದರೆ ಅದು ನಿಜ.

ನಿನ್ನ ಏಪ್ರಿಲ್ ಕಾಗದ ಬಂದ ಮೇಲೆ ಆ ಹನ್ನೊಂದು ಲೇಖನಗಳಿಗೆ ದಿನಕ್ಕೊಂದರಂತೆ ಸ್ಪಾನ್ಸರ್ಡ್ ಎಂಬ ಪದ ಸೇರಿಸಿದೆ. ಯಾರಿಗೂ ಹೇಳಲಿಲ್ಲ. ನಿನಗೂ ಹೇಳಲಿಲ್ಲ, ಯಂತ್ರ ಮತ್ತೆ ಬಂದು ಓದಿ, ಕೇಂದ್ರ ಕೆಳಗಿಳಿದ ಮೇಲೆ ಬರೆಯೋಣ ಎಂದುಕೊಂಡಿದ್ದೆ. ಕೈಯಲ್ಲಿ ಏನಾದರೂ ಹಿಡಿದುಕೊಂಡು ಬರಬೇಕು ಎಂಬ ಹಟ. ಅದು ಮೆಲ್ಲಗೆ ಇಳಿಯಿತು. ಮಾವ ಅದಕ್ಕಿಂತ ಬೇಗ ಹೋದರು.

ಇನ್ನೊಂದಿದೆ. ಇದನ್ನು ಬರೆಯಲು ಇಷ್ಟು ದಿನ ಬೇಕಾಯಿತು.

ಓದುಗರು ಲೇಖನದ ಕೆಳಗೆ ಬರೆಯುವ ಅಭಿಪ್ರಾಯದಲ್ಲಿ ಲಿಂಕ್ ಇದ್ದರೆ ಅದು ತಾನಾಗಿ ಪ್ರಕಟವಾಗುವುದಿಲ್ಲ. ಯಾರಾದರೂ ನೋಡಿ ಒಪ್ಪಿಗೆ ಕೊಡಬೇಕು. ಆ ಯಾರಾದರೂ ಎಂದರೆ ನಾನು. ನೂರಾರು ಬಂದು ಕಾಯುತ್ತಿರುತ್ತವೆ, ಬಹಳಷ್ಟು ಕಸ. ನಾನು ತಿಂಗಳುಗಟ್ಟಲೆ ನೋಡುವುದೇ ಇಲ್ಲ. ಜೂನ್ ಮೊದಲ ವಾರ ನೋಡಿದೆ. ಕೇಂದ್ರದ ಲೇಖನವೊಂದರ ಕೆಳಗೆ ಫೆಬ್ರವರಿ 14ರಂದು ಬಂದದ್ದು ಇತ್ತು. ಹೆಸರಿನ ಜಾಗದಲ್ಲಿ 'ಕಲ್ಲು ಕೊಯ್ಯುವವನು' ಎಂದಿತ್ತು. ಇದ್ದ ಹಾಗೆಯೇ ಬರೆಯುತ್ತೇನೆ:

"ನಾನು ಇಲ್ಲಿಗೆ 5 ತಿಂಗಳು ಹೋದೆ. ಯಾರೂ ಹೋಗಬೇಡಿ. ಮೊದಲು ಎಕ್ಸರೆ ತೆಗೆಸಿ. ನಮ್ಮ ಹುಡುಗಿ ಬರೆದಿದ್ದು ಓದಿ ಉದ್ದ ಇದೆ ಆದರು ಪೂರ್ತಿ ಓದಿ." ಕೆಳಗೆ ನಿಮ್ಮ ಪುಟದ ಲಿಂಕ್.

ನಾಲ್ಕು ತಿಂಗಳು ನನ್ನ ಮೇಜಿನ ಮುಂದೆ ಮಾವ ಸರದಿಯಲ್ಲಿ ನಿಂತಿದ್ದರು.

ಓದುಗರು ಕೊಟ್ಟ ಲಿಂಕಿಗೆ ನಮ್ಮ ವ್ಯವಸ್ಥೆ ತಾನಾಗಿ 'ಯುಜಿಸಿ' ಎಂಬ ಪದ ಸೇರಿಸುತ್ತದೆ. ಇದು ಪತ್ರಿಕೆಯ ಮಾತಲ್ಲ, ಯಾರೋ ಹೊರಗಿನವರು ಬರೆದದ್ದು ಎಂದು ಯಂತ್ರಕ್ಕೆ ಹೇಳುವ ಪದ. ಅಭಿಪ್ರಾಯವನ್ನು ಪ್ರಕಟಿಸಿ, ಆ ಪದವನ್ನು ಅಳಿಸಿದೆ. ಅವರು ಯಾರೋ ಹೊರಗಿನವರು ಎಂದು ಹೇಳಲು ನನ್ನ ಕೈ ಬರಲಿಲ್ಲ. ಅದರಿಂದಲೇ ಸಿಕ್ಕಿಬಿದ್ದೆ. ಕೇಂದ್ರದವರು ಅಭಿಪ್ರಾಯ ನೋಡಿ ಕೂಗಾಡಿದರು, ಆಫೀಸಿನವರು ತೆಗೆದು ನೋಡಿದಾಗ ಹನ್ನೊಂದು ಸ್ಪಾನ್ಸರ್ಡ್ ಕೂಡ ಹೊರಬಂದವು. ಈಗ ನನಗೆ ಆ ಕುರ್ಚಿ ಇಲ್ಲ. ಅಭಿಪ್ರಾಯವನ್ನೂ ಅಳಿಸಿದ್ದಾರೆ. ನಾಲ್ಕು ದಿನ ಇತ್ತು.

ಹೊರಡುವ ಮುಂಚೆ ಜಾಹೀರಾತು ವಿಭಾಗದ ಹನ್ನೊಂದು ಹಾಳೆಗಳ ಪ್ರತಿ ತೆಗೆದುಕೊಂಡೆ. ಹನ್ನೊಂದರಲ್ಲೂ 'ಗುರುತು ಬೇಡ' ಎಂದಿದೆ. ಹನ್ನೊಂದರ ಕೆಳಗೂ 'ಹಾಕಿದ್ದೇನೆ' ಎಂದು ನನ್ನ ಸಹಿ ಇದೆ. ವಿಚಾರಣೆ ಇನ್ನೂ ನಡೆಯುತ್ತಿದ್ದರೆ ಹೇಳು. ಅಂಚೆಯಲ್ಲಿ ಕಳಿಸುತ್ತೇನೆ.

ಅಣ್ಣ ಎಂದು ಸಹಿ ಮಾಡಲೇ?


ಜುಲೈ 9

ಅಣ್ಣ,

ಮಾಡು. ಆ ಪದ ತೆಗೆದು ಹಾಕುವ ವ್ಯವಸ್ಥೆ ನನ್ನ ಹತ್ತಿರ ಇಲ್ಲ. ಆದರೆ ಕ್ಷಮಿಸಿದ್ದೇನೆ ಎಂದು ತಿಳಿಯಬೇಡ. ನನ್ನನ್ನೇ ಇನ್ನೂ ಕ್ಷಮಿಸಿಕೊಂಡಿಲ್ಲ, ನಿನ್ನ ಸರದಿ ಆಮೇಲೆ.

ಮಾವನ ಮಾತನ್ನು ನೀನು ಬರೆದುಕೊಟ್ಟ ಹಾಗೆಯೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿದೆ, 'ಎಕ್ಸರೆ' ಎಂಬುದನ್ನೂ ತಿದ್ದದೆ. ನಾನು ಬರೆದ ಎಲ್ಲ ಕರಪತ್ರಗಳಿಗಿಂತ ಚಿಕ್ಕದು. ಅದನ್ನು ಓದಿ ಐದು ಜನ ಎಕ್ಸ್-ರೇಗೆ ಹೋದರು. ಅವರಲ್ಲಿ ಇಬ್ಬರಿಗೆ ಕ್ಷಯ ಇದೆ, ಇಬ್ಬರಿಗೂ ಇನ್ನೂ ಹೊತ್ತಿದೆ ಎಂದರು ಡಾಕ್ಟರಮ್ಮ. ಉಳಿದ ಹನ್ನೆರಡು ಜನ ಇವತ್ತೂ ಕೊಳವೆ ಹಿಡಿದು ಕೂತಿದ್ದಾರೆ. ಕೇಂದ್ರ ಈಗ ಬೇರೊಂದು ಪತ್ರಿಕೆಯಲ್ಲಿ ಲೇಖನ ಹಾಕಿಸುತ್ತಿದೆ. ಒಳಬರಹ ತೆರೆದು ನೋಡಿದೆ. ಅಲ್ಲಿಯೂ ಗುರುತಿಲ್ಲ.

ನೀನು ಯುಜಿಸಿ ಅಳಿಸಿದ್ದು ತಪ್ಪು. ಓದುಗನ ಮಾತನ್ನು ಪತ್ರಿಕೆಯ ಮಾತು ಎಂದು ಯಂತ್ರಕ್ಕೆ ಹೇಳಿದ ಹಾಗಾಯಿತು. ಬೇರೆ ಯಾರಾದರೂ ಮಾಡಿದ್ದರೆ ನಾನೇ ನಾಲ್ಕು ಹಾಳೆ ಬರೆದು ಬೈಯುತ್ತಿದ್ದೆ. ಅದನ್ನು ಓದಿದ ದಿನ ಅಂಗಡಿಯ ಶಟರ್ ಅರ್ಧ ಎಳೆದು, ಜೆರಾಕ್ಸ್ ಯಂತ್ರದ ಹಿಂದೆ ಕೂತು ಅತ್ತೆ. ಎರಡೂ ಬರೆದಿಡುತ್ತೇನೆ.

ಹಾಳೆಗಳನ್ನು ಅಂಚೆಯಲ್ಲಿ ಕಳಿಸಬೇಡ. "ಪ್ರತಿ ಯಾರು ಬೇಕಾದರೂ ಮಾಡಿಸಬಹುದು, ಸಹಿ ಮಾಡಿದವರೇ ಬಂದು ನನ್ನದು ಅನ್ನಬೇಕು" ಎಂದು ಅಧಿಕಾರಿ ಹೇಳಿದ್ದಾರೆ. ಮುಂದಿನ ವಾರದ್ದು ಕೊನೆಯ ವಿಚಾರಣೆ. ಅವತ್ತು ಸಾಕ್ಷಿ ಬರದಿದ್ದರೆ ಫೈಲು ಮುಚ್ಚುತ್ತಾರೆ. ನೀನು ನಿಂತು ಹೇಳಿದರೆ ಇನ್ನು ಯಾವ ಪತ್ರಿಕೆಯೂ ನಿನ್ನನ್ನು ಸೇರಿಸುವುದಿಲ್ಲ, ಅದು ನನಗೆ ಗೊತ್ತಿದೆ. ಗೊತ್ತಿದ್ದೂ ಕರೆಯುತ್ತಿದ್ದೇನೆ.

ಮೊದಲು ನಾನು ಓದುತ್ತೇನೆ, ನನ್ನ ನಲವತ್ತೊಂದು. ಆಮೇಲೆ ನಿನ್ನ ಹನ್ನೊಂದು.

ಆರೋಗ್ಯಾಧಿಕಾರಿಯ ಕಚೇರಿ, ಎರಡನೆಯ ಮಹಡಿ, ಕೊನೆಯ ಕೋಣೆ. ಬಸ್ ಇಳಿದ ಮೇಲೆ ನೇರ ನಡೆದರೆ ಹತ್ತು ನಿಮಿಷ. ಮೂರು ಬಸ್ ಬಿಡುವ ಅಭ್ಯಾಸ ನಿನಗಿರುವುದರಿಂದ ಮೊದಲನೆಯದಕ್ಕೇ ನಿಲ್ದಾಣಕ್ಕೆ ಬಾ. ನಾನು ಕೆಳಗೆ ಮೆಟ್ಟಿಲ ಹತ್ತಿರ, ಮಾವನ ಎಕ್ಸ್-ರೇ ಹಾಳೆ ಹಿಡಿದುಕೊಂಡು ನಿಂತಿರುತ್ತೇನೆ.

ಜುಲೈ 18, ಗುರುವಾರ, ಬೆಳಿಗ್ಗೆ ಹತ್ತು ಗಂಟೆ.